ಯಾವ ಅಳತೆಗೆ ಯಾವ ಯಂತ್ರ

2024ರ ಮಾರ್ಚ್ 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಶುರುವಾಗುವ ಹೊತ್ತಿಗೆ ರಾಜ್ಯದ ಪರೀಕ್ಷಾ ಕೇಂದ್ರಗಳು ಹೊಸದೊಂದು ವ್ಯವಸ್ಥೆಗೆ ಸಜ್ಜಾಗಿದ್ದವು. ಕೊಠಡಿಗಳಲ್ಲಿ ಸಿಸಿಟಿವಿ ಕ್ಯಾಮೆರಾ, ಅದರ ಚಿತ್ರವನ್ನು ಆಗಿಂದಾಗಲೇ ಜಿಲ್ಲಾ ಕೇಂದ್ರದ ಅಧಿಕಾರಿಗಳಿಗೆ ತೋರಿಸುವ ವೆಬ್‌ಕಾಸ್ಟಿಂಗ್. ಕೂಡ್ಲಿಗಿಯಾಗಲಿ ಹಡಗಲಿಯಾಗಲಿ, ಪರೀಕ್ಷಾ ಕೇಂದ್ರವಾದ ಪ್ರೌಢಶಾಲೆ ಕ್ಯಾಮೆರಾ, ಇಂಟರ್ನೆಟ್, ಕರೆಂಟು ಹೋದರೆ ಆಸರೆಗೊಂದು ಯುಪಿಎಸ್ ಎಲ್ಲವನ್ನೂ ಹೊಂದಿಸಿಕೊಳ್ಳಬೇಕಿತ್ತು. ಕಂಪ್ಯೂಟರ್ ಕೊಠಡಿಯ ಸತ್ತ ಬ್ಯಾಟರಿ ಬದಲಿಸಲು ವರ್ಷಗಟ್ಟಲೆ ಅರ್ಜಿ ಬರೆಸಿಕೊಳ್ಳುವ ಇಲಾಖೆಯೇ ಈ ಕೆಲಸವನ್ನು ಒಂದೇ ಹಂಗಾಮಿನಲ್ಲಿ ಮುಗಿಸಿತು.

ಫಲಿತಾಂಶ ಏನಾಯಿತೆಂದು ಎಲ್ಲರಿಗೂ ಗೊತ್ತು. 2023ರಲ್ಲಿ ಶೇ 83.89 ಇದ್ದ ಉತ್ತೀರ್ಣತೆ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕಕ್ಕೆ ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ ಬಂದ ಅಂಕಿ. ಮರುವರ್ಷ ಕೃಪಾಂಕದ ಈ ಉದಾರತೆ ನಿಂತಾಗ ಫಲಿತಾಂಶ ಶೇ 66ರ ಆಸುಪಾಸಿಗೆ ಬಂತು. ಆಮೇಲೆ ಅಳತೆಗೋಲನ್ನೇ ಬದಲಿಸಿದರು: ಒಟ್ಟು 625ಕ್ಕೆ 206, ಅಂದರೆ ಶೇ 33 ಬಂದರೆ, ಪ್ರತಿ ವಿಷಯದಲ್ಲಿ ಕನಿಷ್ಠ 30 ಇದ್ದರೆ ಪಾಸು.

ಕ್ಯಾಮೆರಾದ ಕಥೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಶಾಲೆಗೆ ಯಾವ ಯಂತ್ರ ಬರುತ್ತದೆ, ಯಾವುದು ಬರುವುದಿಲ್ಲ, ಬಂದದ್ದು ಯಾಕೆ ಮೂಲೆ ಸೇರುತ್ತದೆ ಎಂಬುದನ್ನು ಮೇಷ್ಟ್ರ ಆಸಕ್ತಿಯಿಂದಲೋ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಉತ್ಸಾಹದಿಂದಲೋ ವಿವರಿಸಲು ಹೊರಟರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಶಾಲೆಯನ್ನು ಮೇಲಿನವರು ಯಾವ ಅಳತೆಯಿಂದ ಅಳೆಯುತ್ತಾರೋ ಹಣ ಆ ಅಳತೆಯ ಬೆನ್ನು ಹತ್ತುತ್ತದೆ. ದಿನಾಂಕ ಗೊತ್ತಾದ, ಎಣಿಸಲು ಸುಲಭವಾದ ಅಳತೆಯಾದರೆ ಬೇಗ ಹತ್ತುತ್ತದೆ. ಮಗುವಿಗೆ ಓದಲು ಬರುತ್ತದೆಯೇ ಎಂಬಂಥ ಅಳತೆಯಾದರೆ ಕುಂಟುತ್ತ ಬರುತ್ತದೆ.

ಐದು ತಾಲ್ಲೂಕು, ಹಲವು ಜೋಳಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿಯ ಕಡೆಯವರು ಹಿಂದಿನಿಂದಲೂ ‘ಪಶ್ಚಿಮ ತಾಲ್ಲೂಕುಗಳು’ ಎನ್ನುತ್ತಿದ್ದ ಸೀಮೆ ಇದು. 2021ರಿಂದ ವಿಜಯನಗರ ಜಿಲ್ಲೆಯ ಪಾಲು. ಮಳೆ ನಂಬಿದ ಬೇಸಾಯ, ಬರ ಬಂದರೆ ಗುಳೆ. ಹರಪನಹಳ್ಳಿಯದು ಇನ್ನೂ ಸ್ವಾರಸ್ಯದ ಕಥೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದದ್ದರಿಂದ, ಮುಂದೆ ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ಬಂದಾಗ ಆ ತಾಲ್ಲೂಕು ಸೌಲಭ್ಯದ ಗೆರೆಯಿಂದ ಆಚೆ ಉಳಿಯಿತು. ಹೋರಾಟ ನಡೆದು ಮತ್ತೆ ಬಳ್ಳಾರಿಗೆ, ಅಲ್ಲಿಂದ ವಿಜಯನಗರಕ್ಕೆ ಸೇರಿತು. ಈಗ ಐದೂ ತಾಲ್ಲೂಕುಗಳು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಲ್ಲಿವೆ. ನಕ್ಷೆಯ ಮೇಲಿನ ಒಂದು ಗೆರೆಗೂ ತರಗತಿಯ ಒಂದು ಪರದೆಗೂ ಇರುವ ನಂಟು ಇಂಥದ್ದು.

ಸರ್ಕಾರಿ ಶಾಲೆಯೊಂದರ ಕೈಗೆ ನೇರವಾಗಿ ಬರುವ ಹಣ ಬಹಳ ಕಡಿಮೆ. ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನಕ್ಕೆ ಮಕ್ಕಳ ಸಂಖ್ಯೆಯೇ ಆಧಾರ: 30ರವರೆಗೆ ಮಕ್ಕಳಿದ್ದರೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಹೆಚ್ಚಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. 120 ಮಕ್ಕಳ ಹಿರಿಯ ಪ್ರಾಥಮಿಕ ಶಾಲೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 50,000ದಲ್ಲಿ 5,000 ಸೋಪು, ಫಿನಾಯಿಲು, ಶೌಚಾಲಯಕ್ಕೆ ಹೋಯಿತು. ಉಳಿದದ್ದರಲ್ಲಿ ಸೀಮೆಸುಣ್ಣ, ರಿಜಿಸ್ಟರು, ಬಲ್ಬು, ಮುರಿದ ಕಿಟಕಿ, ರಾಷ್ಟ್ರೀಯ ಹಬ್ಬಗಳು, ಇಂಟರ್ನೆಟ್ ರೀಚಾರ್ಜು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತವೆಂದು ಘೋಷಿಸಿದ್ದು ಈ ಜೇಬಿಗೆ ಸಿಕ್ಕ ದೊಡ್ಡ ಸಮಾಧಾನ. ಆದರೂ ಇಷ್ಟರಲ್ಲಿ ಪ್ರೊಜೆಕ್ಟರ್ ಕೊಳ್ಳುವ ಮಾತು ದೂರವೇ ಉಳಿಯಿತು.

ಹಾಗಾಗಿ ಯಂತ್ರಗಳು ಬರುವುದು ಬೇರೆ ದಾರಿಯಿಂದ. ಸಮಗ್ರ ಶಿಕ್ಷಣದಲ್ಲೇ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಎಂಬ ಪ್ರತ್ಯೇಕ ಬಾಬತ್ತಿದೆ. 6ರಿಂದ 12ನೇ ತರಗತಿ ಇರುವ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅನ್ವಯ. ಕಂಪ್ಯೂಟರ್ ಲ್ಯಾಬಿಗೆ ಒಂದು ಸಲಕ್ಕೆ 6.40 ಲಕ್ಷ ರೂಪಾಯಿವರೆಗೆ, ಜೊತೆಗೆ 5 ವರ್ಷ ನಿರ್ವಹಣೆಗೆಂದು ವರ್ಷಕ್ಕೆ 2.40 ಲಕ್ಷದವರೆಗೆ. ಕೇಂದ್ರ 60, ರಾಜ್ಯ 40ರ ಪಾಲು. ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ತನ್ನ ಅನುದಾನದ ಶೇ 25ರಷ್ಟನ್ನು ಶಿಕ್ಷಣಕ್ಕೆ ಮೀಸಲಿಟ್ಟಿತು. ಶಾಸಕರ ನಿಧಿ, ಹಳೆ ವಿದ್ಯಾರ್ಥಿಗಳು, ಊರಿನ ದಾನಿಗಳು ಇದ್ದಾರೆ. ಗಣಿಯ ಹಣದಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಅದರ ಆದ್ಯತೆಯ ಪಟ್ಟಿಯಲ್ಲಿ ಶಿಕ್ಷಣ ಇದ್ದರೂ ಮೊದಲ ಹಕ್ಕು ಗಣಿಬಾಧಿತ ಪ್ರದೇಶದ್ದು. ಕಂಪನಿಗಳ ಸಿಎಸ್‌ಆರ್ ಹಣಕ್ಕೂ 2013ರ ಕಂಪನಿ ಕಾಯ್ದೆ ‘ಸ್ಥಳೀಯ ಪ್ರದೇಶಕ್ಕೆ ಆದ್ಯತೆ’ ಎನ್ನುತ್ತದೆ. ಸಂಡೂರು, ತೋರಣಗಲ್ಲಿನ ಹತ್ತಿರದ ಶಾಲೆಗೆ ಸುಲಭವಾಗಿ ದಕ್ಕುವುದು ಹಿರೇಹಡಗಲಿಗೋ ಉಚ್ಚಂಗಿದುರ್ಗಕ್ಕೋ ಅಷ್ಟು ಸುಲಭವಾಗಿ ದಕ್ಕಲಾರದು.

ಇಷ್ಟು ಜೋಳಿಗೆಗಳಿಗೂ ಇರುವ ಸಾಮಾನ್ಯ ಗುಣ ಒಂದೇ: ಕೊಳ್ಳಲು ಕೊಡುತ್ತವೆ, ಐಸಿಟಿಯ ಐದು ವರ್ಷದ ನಿರ್ವಹಣೆ ಬಿಟ್ಟರೆ ನಡೆಸಲು ಕೊಡಲು ಹಿಂಜರಿಯುತ್ತವೆ. ಕೊಳವೆಬಾವಿ ಕೊರೆಸಲು ಸಾಲ ಸಿಕ್ಕಿ, ಮೋಟಾರು ಸುಟ್ಟ ದಿನ ಯಾರೂ ಸಿಗದ ರೈತನ ಸ್ಥಿತಿಯೇ ಶಾಲೆಯ ಕಂಪ್ಯೂಟರ್ ಕೊಠಡಿಯದು.

ಕಾಲಮ್ಮಿನ ಅಂಕ

ಹಣ ಕೊಡುವವರು ಯಾವ ಅಳತೆ ನೋಡಿ ಕೊಡುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆಯ (2009) ಅನುಸೂಚಿಯನ್ನು ತೆರೆದು ನೋಡಿ. ಕಟ್ಟಡ, ಶಿಕ್ಷಕರ ಸಂಖ್ಯೆ, ಶಾಲೆ ನಡೆಯಬೇಕಾದ ದಿನಗಳು, ಗ್ರಂಥಾಲಯ, ಆಟದ ಸಾಮಾನು, ಕಲಿಕೋಪಕರಣ ಇಷ್ಟೂ ಅಲ್ಲಿವೆ. ಕಂಪ್ಯೂಟರಿನ ಹೆಸರಿಲ್ಲ. ಅಂದರೆ ಮೂಲ ಕಾಯ್ದೆ ಶಾಲೆಗೆ ಕಂಪ್ಯೂಟರ್ ಇರಲೇಬೇಕೆಂದು ಹೇಳಿಲ್ಲ. ಇದೆಯೇ ಎಂದು ಕೇಳುವುದು ಯುಡೈಸ್. ಪ್ರತಿ ವರ್ಷ ಮುಖ್ಯಶಿಕ್ಷಕರು ತುಂಬುವ ಆ ದೊಡ್ಡ ಫಾರಂನಲ್ಲಿ ಕಂಪ್ಯೂಟರ್ ಎಷ್ಟು, ಇಂಟರ್ನೆಟ್ ಇದೆಯೇ, ಸ್ಮಾರ್ಟ್ ಕ್ಲಾಸ್ ಇದೆಯೇ ಎಂಬ ಕಾಲಮ್ಮುಗಳಿವೆ. ಅಲ್ಲಿ ‘ಇದೆ’ ಎಂದು ಬರೆದದ್ದು ಮೇಲೆ ಹೋಗಿ ಜಿಲ್ಲೆಯ ಅಂಕವಾಗುತ್ತದೆ.

ಕೇಂದ್ರ ಶಿಕ್ಷಣ ಸಚಿವಾಲಯ ಜಿಲ್ಲೆಗಳಿಗೆ ದರ್ಜೆ ಕೊಡುವ ಸೂಚ್ಯಂಕ, ಪಿಜಿಐ-ಡಿ, ಒಟ್ಟು 600 ಅಂಕಗಳದ್ದು. 83 ಸೂಚಕಗಳು. ಕಲಿಕೆಯ ಫಲಕ್ಕೆ 290, ತರಗತಿ ಬೋಧನೆಗೆ 90, ಮೂಲಸೌಕರ್ಯ ಮತ್ತು ಮಕ್ಕಳಿಗೆ ಸಲ್ಲಬೇಕಾದ್ದಕ್ಕೆ 51, ಸುರಕ್ಷತೆಗೆ 35, ಡಿಜಿಟಲ್ ಕಲಿಕೆಗೆ 50, ಆಡಳಿತಕ್ಕೆ 84. ಕಾಗದದ ಮೇಲೆ ನೋಡಿದರೆ ನ್ಯಾಯವಾಗಿಯೇ ಹಂಚಿದ್ದಾರೆ, ಕಲಿಕೆಗೇ ಸಿಂಹಪಾಲು. ತೊಡಕು ಬೇರೆ ಕಡೆ ಇದೆ. ಕಲಿಕೆಯ ಅಂಕ ಏರಬೇಕಾದರೆ ಮಕ್ಕಳಿಗೆ ಓದು, ಲೆಕ್ಕ ಬರಬೇಕು, ಅದಕ್ಕೆ ವರ್ಷಗಳು ಬೇಕು, ಖಾಲಿ ಹುದ್ದೆ ತುಂಬಬೇಕು. ಡಿಜಿಟಲ್ ಕಲಿಕೆಯ ಅಂಕ ಏರಲು ಒಂದು ಟೆಂಡರು ಸಾಕು. ಮಾರ್ಚ್ ಕೊನೆಯೊಳಗೆ ಅನುದಾನ ಮುಗಿಸಬೇಕಾದ ಅಧಿಕಾರಿ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಆತನನ್ನು ದೂರುವುದರಲ್ಲೂ ಅರ್ಥವಿಲ್ಲ, ಅಳತೆಯೇ ಅವನನ್ನು ಅಲ್ಲಿಗೆ ದೂಡುತ್ತದೆ.

ಯುಡೈಸ್ ಫಾರಂನಲ್ಲಿ ‘ಎಷ್ಟಿವೆ’ ಎಂಬ ಪ್ರಶ್ನೆಯ ಪಕ್ಕದಲ್ಲೇ ‘ಎಷ್ಟು ಕೆಲಸ ಮಾಡುತ್ತಿವೆ’ ಎಂಬ ಪ್ರಶ್ನೆಯೂ ಇದೆ. ನನ್ನ ದೃಷ್ಟಿಯಲ್ಲಿ ಇಡೀ ಫಾರಂನ ಅತ್ಯಂತ ಬೆಲೆಯುಳ್ಳ ಕಾಲಮ್ಮು ಅದು. ಕೆಟ್ಟದ್ದನ್ನೂ ಕೆಲಸ ಮಾಡುವ ಲೆಕ್ಕಕ್ಕೆ ಸೇರಿಸಿದರೆ ಆ ಶಾಲೆಗೆ ಹೊಸದು ಬರುವ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಹತ್ತು ಕಂಪ್ಯೂಟರ್‌ಗಳಲ್ಲಿ ಎಂಟು ಕೆಟ್ಟಿದ್ದರೆ ಎರಡು ಎಂದೇ ಬರೆಯಬೇಕು. ಮರ್ಯಾದೆಗೆ ಹತ್ತು ಎಂದು ಬರೆದರೆ ಮರ್ಯಾದೆಯಷ್ಟೇ ಉಳಿಯುತ್ತದೆ.

ಅಂಕವಿಲ್ಲದ ವಿಷಯ

ಕರ್ನಾಟಕ ಈ ಪ್ರಯತ್ನಕ್ಕೆ ಹೊಸದಲ್ಲ. 2001ರ ಸುಮಾರಿಗೆ ‘ಮಾಹಿತಿ ಸಿಂಧು’ ಬಂತು, ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಕೊಡುವ ಗುರಿಯೊಂದಿಗೆ. ಆಮೇಲೆ ಕೇಂದ್ರದ ಐಸಿಟಿ ಯೋಜನೆ ಹಂತ ಹಂತವಾಗಿ ಬಂತು. ಖಾಸಗಿ ಕಂಪನಿ ಲ್ಯಾಬ್ ಕಟ್ಟಿ, ಐದು ವರ್ಷ ನಡೆಸಿ, ಕೊನೆಗೆ ಶಾಲೆಗೆ ಒಪ್ಪಿಸಿ ಹೋಗುವ ಪದ್ಧತಿ. ಕಂಪನಿ ಹೋದಾಗ ಗುತ್ತಿಗೆಯ ಕಂಪ್ಯೂಟರ್ ಶಿಕ್ಷಕನೂ ಹೋಗುತ್ತಿದ್ದ. ಉಳಿಯುತ್ತಿದ್ದದ್ದು ಐದು ವರ್ಷ ಹಳೆಯ ಯಂತ್ರಗಳು, ಬೀಗ, ಬೀಗದ ಕೈ ಯಾರ ಬಳಿ ಇರಬೇಕೆಂಬ ಚರ್ಚೆ. 2016-17ರಲ್ಲಿ ಶುರುವಾದ ‘ಟಾಲ್ಪ್’ ಈ ತಪ್ಪನ್ನು ತಿದ್ದಲು ನೋಡಿತು. ಕಂಪ್ಯೂಟರ್ ಕಲಿಸಲು ಬೇರೆಯವರನ್ನು ತರುವ ಬದಲು ಗಣಿತದ, ವಿಜ್ಞಾನದ, ಕನ್ನಡದ ಮೇಷ್ಟ್ರಿಗೇ ತರಬೇತಿ ಕೊಟ್ಟು, ಅವರ ಪಾಠದಲ್ಲೇ ಕಂಪ್ಯೂಟರ್ ಬಳಸುವಂತೆ ಮಾಡುವ ಯೋಚನೆ. ಇದುವರೆಗಿನ ಯೋಜನೆಗಳಲ್ಲಿ ವಿವೇಕದ್ದು ಇದೇ ಎಂದು ನನಗನ್ನಿಸುತ್ತದೆ.

ಆದರೂ ಲ್ಯಾಬಿನ ಬೀಗ ಯಾಕೆ ತೆರೆಯುವುದಿಲ್ಲ? ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಕಂಪ್ಯೂಟರಿಗೆ ಪಾಲಿಲ್ಲ. ವೃತ್ತಿಶಿಕ್ಷಣದ ಎನ್‌ಎಸ್‌ಕ್ಯೂಎಫ್ ಇರುವ ಕೆಲವೇ ಶಾಲೆಗಳಲ್ಲಿ ಐಟಿ ಒಂದು ವಿಷಯವಾಗಿದೆ, ಉಳಿದ ಕಡೆ ಇಲ್ಲ. ಡಿಸೆಂಬರ್ ಬಂತೆಂದರೆ ವೇಳಾಪಟ್ಟಿಯಲ್ಲಿ ಉಳಿಯುವುದು ವಿಶೇಷ ತರಗತಿ, ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ, ‘ಪಾಸಿಂಗ್ ಪ್ಯಾಕೇಜ್’. ಪ್ರೊಜೆಕ್ಟರ್ ಇದ್ದರೆ ಅದರಲ್ಲಿ ಕಾಣುವುದು ಹಳೆ ಪ್ರಶ್ನೆಪತ್ರಿಕೆ, ನೀಲನಕ್ಷೆ. ಅದನ್ನು ತಪ್ಪೆನ್ನಲಾರೆ. ಗುಳೆ ಹೋದ ಮನೆಯ ಹುಡುಗಿಗೆ ಆ 206 ಅಂಕ ಮುಂದಿನ ಬಾಗಿಲು. ಪರೀಕ್ಷೆಗೆ ಒದಗುವ ಯಂತ್ರ ದುಡಿಯುತ್ತದೆ, ಪರೀಕ್ಷೆಗೆ ಒದಗದ್ದಕ್ಕೆ ಧೂಳು ಹಿಡಿಯುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು, ಅಷ್ಟೆ.

ಇನ್ನೊಂದು ಸಂಗತಿ ಯಾವ ವರದಿಯಲ್ಲೂ ಎದ್ದು ಕಾಣುವುದಿಲ್ಲ. ಅಳತೆ ಹೆಚ್ಚಿದಷ್ಟೂ ಮಾಹಿತಿ ತುಂಬುವ ಕೆಲಸ ಹೆಚ್ಚುತ್ತದೆ. ವಿದ್ಯಾರ್ಥಿಗಳ ಮಾಹಿತಿ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ದಾಖಲಾತಿ, ಅಂಕ, ಬಿಸಿಯೂಟದ ಲೆಕ್ಕ. ಯುಡೈಸ್‌ಗೆ ಒಂದು ಸುತ್ತು. ವಿದ್ಯಾರ್ಥಿವೇತನಕ್ಕೆ, ಸಮೀಕ್ಷೆಗೆ ಇನ್ನೊಂದು. ಗುಮಾಸ್ತರಿಲ್ಲದ ಶಾಲೆಯಲ್ಲಿ ಇದನ್ನೆಲ್ಲ ಮಾಡುವವರು ಮೇಷ್ಟ್ರೇ. ಮಕ್ಕಳಿಗೆಂದು ಬಂದ ಕಂಪ್ಯೂಟರ್‌ಗಳಲ್ಲಿ ಚೆನ್ನಾಗಿ ಓಡುವ ಒಂದು ಆಫೀಸಿನ ಮೇಜಿಗೆ ಏರುವುದು ಹೀಗೆ. ಕಲಿಕೆಯನ್ನು ಅಳೆಯುವ ಕೆಲಸಕ್ಕೆ ಕಲಿಕೆಯ ಯಂತ್ರವೇ ಹೋಯಿತು.

ಪಠ್ಯ ಬದಲಾದರೆ

ಕೊಳ್ಳುವ ಮೊದಲೇ ಲೆಕ್ಕ ಹಾಕಬೇಕೆಂಬ ಮಾತು ಯಂತ್ರದೊಳಗೆ ತುಂಬಿ ಬರುವ ಪಾಠಗಳಿಗೂ ಅನ್ವಯಿಸುತ್ತದೆ. ಸ್ಮಾರ್ಟ್ ಬೋರ್ಡಿನ ಜೊತೆ ‘ರಾಜ್ಯ ಪಠ್ಯಕ್ರಮಕ್ಕೆ ಹೊಂದುವ ಕಂಟೆಂಟ್ ಉಚಿತ’ ಎಂದು ಮಾರುವವರು ಹೇಳುತ್ತಾರೆ. ಯಾವ ವರ್ಷದ ಪಠ್ಯಕ್ರಮ ಎಂದು ಕೇಳಬೇಕು. ನಮ್ಮಲ್ಲಿ 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯಾಯಿತು, 2023ರಲ್ಲಿ ಸರ್ಕಾರ ಬದಲಾಗಿ ಆ ಪರಿಷ್ಕರಣೆಯ ಹಲವು ಪಾಠಗಳು ಹೊರಬಿದ್ದವು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ, ಅದು ಜಾರಿಯಾದಷ್ಟೂ ಪುಸ್ತಕಗಳು ಮತ್ತೆ ಬದಲಾಗುತ್ತವೆ. ಪ್ರೌಢಶಾಲೆಯ ಗಣಿತ, ವಿಜ್ಞಾನ ಎನ್‌ಸಿಇಆರ್‌ಟಿ ಪಠ್ಯವನ್ನೇ ಅನುಸರಿಸುವುದರಿಂದ ಅವು ಸ್ವಲ್ಪ ನಿಶ್ಚಿಂತ. ಕನ್ನಡ, ಸಮಾಜ ವಿಜ್ಞಾನದ ಪಾಠಗಳನ್ನು ದುಡ್ಡು ಕೊಟ್ಟು ಕೊಳ್ಳುವುದು ಅಪಾಯ. ಸರ್ಕಾರದ ದೀಕ್ಷಾ ಜಾಲತಾಣದಲ್ಲಿ ಪುಸ್ತಕದ ಕ್ಯುಆರ್ ಕೋಡ್ ಮೂಲಕವೇ ಸಾಮಗ್ರಿ ಪುಕ್ಕಟೆ ಸಿಗುತ್ತದೆ.

ಗಡಿಯಾಚೆಯ ಆಂಧ್ರದಲ್ಲಿ 2022ರ ಡಿಸೆಂಬರ್‌ನಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಖಾಸಗಿ ಕಂಪನಿಯ ಪಾಠ ತುಂಬಿದ ಲಕ್ಷಾಂತರ ಟ್ಯಾಬ್ ಹಂಚಿದರು. ಸರ್ಕಾರಿ ಶಾಲೆಗಳನ್ನು ಸಿಬಿಎಸ್‌ಇಗೆ ಒಯ್ಯುವ ಉಮೇದು ಅದೇ ಕಾಲದ್ದು. 2024ರಲ್ಲಿ ಸರ್ಕಾರ ಬದಲಾಯಿತು, ಸಿಬಿಎಸ್‌ಇಗೆ ಸೇರಿದ್ದ ಸಾವಿರ ಶಾಲೆಗಳ ಮಕ್ಕಳು ರಾಜ್ಯದ ಪರೀಕ್ಷೆಗೇ ವಾಪಸಾದರು.

ದೊಡ್ಡ ಊರಿನವರೂ ಇದರಲ್ಲಿ ಜಾಣರಲ್ಲ. ಅಮೆರಿಕದ ರಾಜ್ಯಗಳು 2010ರಿಂದ ‘ಕಾಮನ್ ಕೋರ್’ ಎಂಬ ಕಲಿಕಾ ಮಾನದಂಡ ಒಪ್ಪಿಕೊಂಡವು, ಅದರ ಹೊಸ ಪರೀಕ್ಷೆಗಳು ಕಂಪ್ಯೂಟರಿನಲ್ಲೇ ನಡೆಯಬೇಕಿತ್ತು. ಪರೀಕ್ಷೆ ಬರೆಸಲಿಕ್ಕಾದರೂ ಯಂತ್ರ ಬೇಕಲ್ಲ? ಲಾಸ್ ಏಂಜಲೀಸ್ ಶಾಲಾ ಆಡಳಿತ 2013ರಲ್ಲಿ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡುವ ಯೋಜನೆಗೆ ಕೈಹಾಕಿತು, ಒಟ್ಟು ಅಂದಾಜು 130 ಕೋಟಿ ಡಾಲರ್. ಒಳಗಿನ ಪಾಠಗಳು ಪೂರ್ತಿ ಸಿದ್ಧವಾಗಿರಲಿಲ್ಲ, ಮಕ್ಕಳು ಭದ್ರತಾ ಬೀಗವನ್ನು ದಿನಗಳಲ್ಲೇ ಮುರಿದರು, ಖರೀದಿಯ ಬಗ್ಗೆ ತನಿಖೆ ನಡೆಯಿತು, 2014ರಲ್ಲಿ ಗುತ್ತಿಗೆ ನಿಂತಿತು. ಆ ಹಣ ಶಾಲಾ ಕಟ್ಟಡಗಳಿಗಾಗಿ ಎತ್ತಿದ ಬಾಂಡಿನದು. ಕೆಲವೇ ವರ್ಷ ಬಾಳುವ ವಸ್ತುವಿಗೆ ದಶಕಗಳ ಸಾಲ.

ಓದು ಎಂಬ ಕಷ್ಟದ ಅಳತೆ

2021ರ ಜುಲೈನಲ್ಲಿ ಶುರುವಾದ ನಿಪುಣ್ ಭಾರತ್ ಇಟ್ಟ ಗುರಿ ಸರಳ: ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಿ ಅರ್ಥ ಮಾಡಿಕೊಳ್ಳಬೇಕು, 9999ರವರೆಗಿನ ಸಂಖ್ಯೆ ಓದಿ ಬರೆಯಬೇಕು. 2026-27 ಅದರ ಗಡುವು. ಈ ಅಳತೆಗೆ ಬೇಕಾದ ಸಾಮಗ್ರಿ ಯಾವುದು? ನಲಿಕಲಿ ಕಾರ್ಡು, ಚಿತ್ರಪುಸ್ತಕ, ಗಣಿತದ ಕಿಟ್ಟು, ಹೆಚ್ಚೆಂದರೆ ಮಗುವಿನ ಓದನ್ನು ರೆಕಾರ್ಡ್ ಮಾಡಿ ಅವ್ವ ಅಪ್ಪನಿಗೆ ಕೇಳಿಸಲು ಒಂದು ಫೋನು. ಇದನ್ನು ಕೊಂಡರೆ ಉದ್ಘಾಟನೆಗೆ ರಿಬ್ಬನ್ ಕಟ್ಟುವಂಥದ್ದೇನೂ ಇರುವುದಿಲ್ಲ. ದೊಡ್ಡ ಹಣ 6ನೇ ತರಗತಿಯಿಂದ ಮೇಲಿನ ಲ್ಯಾಬಿಗೆ, ದೊಡ್ಡ ಕೊರತೆ 3ನೇ ತರಗತಿಯ ಓದಿನಲ್ಲಿ.

ತಂತ್ರಜ್ಞಾನ ಓದು ಲೆಕ್ಕಕ್ಕೆ ನೆರವಾಗುವುದೇ ಇಲ್ಲವೇ? ಆಗುತ್ತದೆ, ಮಗು ಎಲ್ಲಿದೆಯೋ ಅಲ್ಲಿಂದ ಹಿಡಿದು ಕಲಿಸಿದರೆ. ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶವನ್ನು ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ ನಾಲ್ಕೂವರೆ ತಿಂಗಳು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರು (ಕಾರ್ತಿಕ್ ಮುರಳೀಧರನ್ ಅವರಲ್ಲೊಬ್ಬರು) ಗಣಿತದಲ್ಲಿ ಒಳ್ಳೆಯ ಪ್ರಗತಿ ಕಂಡರು. ಅಲ್ಲಿನ ಕಂಪ್ಯೂಟರು ಮಗುವಿನ ತರಗತಿಯನ್ನು ನೋಡಲಿಲ್ಲ, ಅದಕ್ಕೆ ಬರುವ ಮಟ್ಟವನ್ನು ನೋಡಿ ಪ್ರಶ್ನೆ ಕೊಟ್ಟಿತು. ಇನ್ನೂ ಅಗ್ಗದ ದಾರಿ ಬೋಟ್ಸ್ವಾನಾದಿಂದ ಬಂದದ್ದು. ಕೋವಿಡ್ ಕಾಲದಲ್ಲಿ ಅಲ್ಲಿ ವಾರಕ್ಕೊಮ್ಮೆ ಸಾಧಾರಣ ಫೋನಿಗೆ ಕರೆ ಮಾಡಿ ಲೆಕ್ಕ ಹೇಳಿಕೊಟ್ಟರು, ಮಕ್ಕಳು ಕಲಿತರು. ಆ ಮಾದರಿಯಲ್ಲೇ ಕರ್ನಾಟಕ ‘ಗಣಿತ ಗಣಕ’ ತಂದಿತು: 3ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಶಿಕ್ಷಕರ ಫೋನ್ ಕರೆ. ಇದರಲ್ಲಿ ಹೊಸ ಯಂತ್ರವೇ ಇಲ್ಲ. ಇರುವ ಖರ್ಚು ಶಿಕ್ಷಕರ ಸಮಯದ್ದು, ಆ ಸಮಯಕ್ಕೆ ಯುಡೈಸ್‌ನಲ್ಲಿ ಕಾಲಮ್ಮಿಲ್ಲ.

ಠರಾವು ಬರೆಯುವಾಗ

ಎಸ್‌ಡಿಎಂಸಿ ಸಭೆಯಲ್ಲಿ ಸಾಮಾನ್ಯವಾಗಿ ಬರೆಯುವ ಠರಾವು ‘ಶಾಲೆಗೆ ಸ್ಮಾರ್ಟ್ ಕ್ಲಾಸ್ ಬೇಕು’ ಎಂದಿರುತ್ತದೆ. ಹಾಗೆ ಬರೆದರೆ ಬರುವುದು ಬೇರೆಯವರು ನಿರ್ಧರಿಸಿದ ಸಾಮಾನು. ದೊಡ್ಡ ಖರೀದಿ 1999ರ ಕೆಟಿಪಿಪಿ ಕಾಯ್ದೆಯಂತೆ ಟೆಂಡರಿನಲ್ಲಿ ನಡೆಯುತ್ತದೆ. ಅಲ್ಲಿ ಗೆಲ್ಲುವುದು ಕೇಳಿದ ವಿವರಣೆಗೆ ಹೊಂದುವ ಕಡಿಮೆ ದರ. ವಿವರಣೆಯಲ್ಲಿ ಬರೆಯದ್ದನ್ನು ಯಾರೂ ಕೊಡುವುದಿಲ್ಲ. ದಾನಿಗಳು ಕೊಡುವಾಗಲೂ ಅಷ್ಟೆ, ಕೇಳದಿದ್ದರೆ ಪರದೆ ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಅದರ ಬದಲು ಠರಾವನ್ನು ಕೊರತೆಯಿಂದ ಶುರು ಮಾಡಬಹುದು. ಐದನೇ ತರಗತಿಯ ಎಷ್ಟು ಮಕ್ಕಳಿಗೆ ಮೂರನೇ ತರಗತಿಯ ಪುಸ್ತಕ ಓದಲು ಬರುವುದಿಲ್ಲ, ಹತ್ತನೆಯವರು ಯಾವ ವಿಷಯದಲ್ಲಿ ಸೋಲುತ್ತಿದ್ದಾರೆ ಎಂಬುದು ಶಾಲೆಯಲ್ಲೇ ಇರುವ ಲೆಕ್ಕ. ಅದಕ್ಕೆ ಯಾವ ಮೇಷ್ಟ್ರು, ವಾರದ ಯಾವ ಅವಧಿಯಲ್ಲಿ, ಏನು ಬಳಸುತ್ತಾರೆ ಎಂಬುದು ಎರಡನೇ ಸಾಲು. ಬಳಸುವವರ ಹೆಸರು ಬರೆಯಲಾಗದಿದ್ದರೆ ಆ ಯಂತ್ರ ಬೇಡ. ಮೂರನೆಯದು ನಡೆಸುವ ಖರ್ಚು: ಯುಪಿಎಸ್ ಬ್ಯಾಟರಿಗೆ ಮೂರು ನಾಲ್ಕು ವರ್ಷದ ಆಯುಸ್ಸು, ಪ್ರೊಜೆಕ್ಟರಿನ ದೀಪಕ್ಕೂ ಮಿತಿ ಇದೆ, ಇಂಟರ್ನೆಟ್ ತಿಂಗಳ ಬಾಬತ್ತು. ವಾರ್ಷಿಕ ನಿರ್ವಹಣೆಯ ಕರಾರು ಎಷ್ಟು ವರ್ಷ, ಕೆಟ್ಟರೆ ಹೊಸಪೇಟೆಯಿಂದ ಬರುತ್ತಾರೋ ಬೆಂಗಳೂರಿನಿಂದಲೋ, ಎಷ್ಟು ದಿನದಲ್ಲಿ ಎಂಬುದನ್ನೂ ಕೊಟೇಶನ್‌ನಲ್ಲೇ ಬರೆಸಬೇಕು. ಮೈಲಾರದ ಕಾರಣಿಕದ ಹೊತ್ತಿಗೆ ಕೆಟ್ಟದ್ದು ಕೊಟ್ಟೂರಿನ ಜಾತ್ರೆ ಮುಗಿದರೂ ರಿಪೇರಿ ಆಗದಿದ್ದರೆ ಆ ವರ್ಷದ ಹತ್ತನೆಯವರಿಗೆ ಅದು ಇದ್ದೂ ಇಲ್ಲದ ಹಾಗೆ.

ಇನ್ನು ಸಮಯದ ಮಾತು. ಸಮಗ್ರ ಶಿಕ್ಷಣದ ವಾರ್ಷಿಕ ಯೋಜನೆ ಕೆಳಗಿನಿಂದ ಮೇಲಕ್ಕೆ ಹೋಗುವುದು ಹಿಂದಿನ ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲಿ, ಯುಡೈಸ್ ಅಂಕಿಗಳನ್ನೇ ಆಧರಿಸಿ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಬರೆದ ಅರ್ಜಿ ಆ ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಕೊರತೆ, ಬಳಸುವವರ ಹೆಸರು, ನಿರ್ವಹಣೆಯ ಖರ್ಚು ಈ ಮೂರೂ ಇರುವ ಠರಾವಿನ ಪ್ರತಿ ದಸರೆ ದೀಪಾವಳಿಯ ನಡುವೆಯೇ ಬಿಇಒ ಕಚೇರಿ ಮುಟ್ಟಬೇಕು. ಅದರ ಒಂದು ನಕಲು ಶಾಸಕರ ಕಚೇರಿಗೂ ಹೋಗಲಿ, ಪ್ರದೇಶಾಭಿವೃದ್ಧಿ ಮಂಡಳಿಯ ಕ್ರಿಯಾಯೋಜನೆಗೆ ಹೆಸರು ಸೇರುವುದು ಹೆಚ್ಚಾಗಿ ಅಲ್ಲಿಂದಲೇ.